ಲ್ಲೌರ್-ಅ-ಗ್ಲಿನ್ ಕಮ್ಮಾರಸಾಲೆ: ವೇಲ್ಸ್‌ನಲ್ಲಿ ದನಕ್ಕೂ ಲಾಳ ಹೊಡೆಯುತ್ತಿದ್ದರೇ?

ಟಾಫ್_ದಂಡೆ
ಎಲ್ಲರಿಗೂ ನಮಸ್ಕಾರ. ನಾನು ವೇಲ್ಸ್‌ನ ರಾಜಧಾನಿ ಕಾರ್ಡಿಫ್‌ಗೆ ಬಂದು ಆರು ವರ್ಷವಾಯಿತು. ಈ ಬೇಸಿಗೆಯಲ್ಲಿ ಅಪ್ಪ ಮೊದಲ ಸಲ ಇಲ್ಲಿಗೆ ಬಂದಿದ್ದಾರೆ. ಶಿಕಾರಿಪುರದ ಕಡೆಯ ಹಳ್ಳಿಯಲ್ಲಿ ನಲವತ್ತು ವರ್ಷ ಕುಲುಮೆ ನಡೆಸಿದವರು. ಕೋಟೆ ತೋರಿಸಿದೆ, ಸಮುದ್ರದ ದಂಡೆ ತೋರಿಸಿದೆ. ಎಲ್ಲದಕ್ಕೂ "ಚೆನ್ನಾಗಿದೆ" ಎಂದು ಸುಮ್ಮನಾದರು.

ಕಳೆದ ಭಾನುವಾರ ಊರಾಚೆಯ ಸೇಂಟ್ ಫೇಗನ್ಸ್ ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋದೆ. ವೇಲ್ಸ್‌ನ ಮೂಲೆಮೂಲೆಯ ಹಳೆಯ ಮನೆ, ಗಿರಣಿ, ಪ್ರಾರ್ಥನಾಮಂದಿರಗಳನ್ನು ಕಲ್ಲು ಕಲ್ಲಾಗಿ ಬಿಚ್ಚಿ ತಂದು ಮತ್ತೆ ಕಟ್ಟಿರುವ ವಿಶಾಲವಾದ ಜಾಗ. ಅಲ್ಲಿ ಲ್ಲೌರ್-ಅ-ಗ್ಲಿನ್ ಎಂಬ ಹಳ್ಳಿಯ ಕಮ್ಮಾರಸಾಲೆ ಇದೆ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಮಾಂಟ್ಗೊಮರಿಶೈರ್‌ನ ಬೆಟ್ಟಗಳ ನಡುವೆ ಕಟ್ಟಿದ್ದು. 1970ರ ದಶಕದ ಆರಂಭದಲ್ಲಿ ಇಲ್ಲಿಗೆ ಬಂದಿದೆ.

ಒಳಗೆ ಹೋದ ಅಪ್ಪ ಮುಕ್ಕಾಲು ಗಂಟೆ ಹೊರಗೆ ಬರಲಿಲ್ಲ. ಒಲೆಯ ಕಟ್ಟೆಯ ಎತ್ತರವನ್ನು ತಮ್ಮ ಸೊಂಟಕ್ಕೆ ಅಳೆದು ನೋಡಿದರು. "ನಾವು ಕುಳಿತು ಬಡಿದೆವು, ಇವರು ನಿಂತು ಬಡಿದಿದ್ದಾರೆ" ಎಂದರು. ಆಮೇಲೆ ಎರಡು ಪ್ರಶ್ನೆ ಕೇಳಿದರು. ಎರಡಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ.

ಮೊದಲನೆಯದು: "ಗೋಡೆಯಲ್ಲೆಲ್ಲ ಕುದುರೆಯ ಮಾತೇ ಬರೆದಿದ್ದಾರೆ. ಇಲ್ಲಿ ದನಕ್ಕೆ ಲಾಳ ಹೊಡೆಯುತ್ತಿರಲಿಲ್ಲವೇ?" ಎರಡನೆಯದು: "ಊರನ್ನು ಅಲ್ಲೇ ಬಿಟ್ಟು ಕುಲುಮೆಯನ್ನು ಮಾತ್ರ ತಂದರೆ ಅದು ಕುಲುಮೆಯೇ?" ತಿಳಿದವರು ಹೇಳಿ.

ಬಯಲುಸೀಮೆ
ಹೊಡೆಯುತ್ತಿದ್ದರು. ಒಂದು ದನಕ್ಕೆ ಎಂಟು ಲಾಳ. ನಿಮ್ಮ ತಂದೆಯವರ ಊಹೆ ಸರಿ.

ಪಶುವೈದ್ಯ_ಕಾರ್ಮಾರ್ಥನ್
ಬಯಲುಸೀಮೆಯವರು ಹೇಳಿದ್ದು ನಿಜ, ಆದರೆ ಒಂದು ಸಾಲಿನಲ್ಲಿ ಮುಗಿಯುವ ಕಥೆಯಲ್ಲ ಅದು. ನಾನು ಪಶ್ಚಿಮ ವೇಲ್ಸ್‌ನಲ್ಲಿ ದನಕರುಗಳ ವೈದ್ಯ. ನಾನು ದಿನವೂ ಕಾರು ಓಡಿಸುವ ರಸ್ತೆಗಳಲ್ಲಿ ಕೆಲವು ಒಂದು ಕಾಲದ ದನದ ದಾರಿಗಳು.

ರೈಲು ಬರುವ ಮುಂಚೆ ವೇಲ್ಸ್‌ನ ಕಪ್ಪು ದನಗಳನ್ನು ನಡೆಸಿಕೊಂಡೇ ಇಂಗ್ಲೆಂಡಿಗೆ ಸಾಗಿಸುತ್ತಿದ್ದರು. ಹೊಡೆದುಕೊಂಡು ಹೋಗುವವರಿಗೆ ವೆಲ್ಷ್ ಭಾಷೆಯಲ್ಲಿ ಪೋರ್ಥ್‌ಮಿನ್ ಎಂದು ಹೆಸರು. ದಿನಕ್ಕೆ ಹದಿನೈದು ಇಪ್ಪತ್ತು ಮೈಲಿ, ವಾರಗಟ್ಟಲೆ ನಡಿಗೆ. ಲಂಡನ್ನಿನ ಸ್ಮಿತ್‌ಫೀಲ್ಡ್ ಸಂತೆಯವರೆಗೂ ಹೋಗುತ್ತಿದ್ದರು. ಮೆತ್ತನೆಯ ಹುಲ್ಲಿನಲ್ಲಿ ಬೆಳೆದ ಗೊರಸು ಕಲ್ಲುದಾರಿಯಲ್ಲಿ ಅಷ್ಟು ದೂರ ತಾಳುವುದಿಲ್ಲ. ಕುಂಟುವ ದನ ಸೊರಗುತ್ತದೆ, ಸೊರಗಿದ ದನಕ್ಕೆ ಬೆಲೆ ಇಲ್ಲ. ಅದಕ್ಕೇ ಹೊರಡುವ ಮುಂಚೆ ಲಾಳ. ದನದ ಗೊರಸು ಸೀಳಿರುವುದರಿಂದ ಪ್ರತಿ ಕಾಲಿಗೂ ಎರಡು ತೆಳು ತಗಡು. ಅವಕ್ಕೆ ಇಲ್ಲಿ 'ಕಿವ್' ಎನ್ನುತ್ತಿದ್ದರು. ದನವನ್ನು ಹಗ್ಗ ಹಾಕಿ ಕೆಡವಿ, ಕಾಲು ಕಟ್ಟಿ, ಮಲಗಿಸಿಯೇ ಮೊಳೆ ಹೊಡೆಯುತ್ತಿದ್ದರು. ಮೊಳೆಗೆ ಕೊಬ್ಬು ಸವರಿಡುವ ಪದ್ಧತಿಯೂ ಇತ್ತು. ನಮ್ಮ ಕಡೆಯ ಲಾಳದವರು ಇದನ್ನು ಓದಿದರೆ ತಮ್ಮದೇ ಕೆಲಸ ಎಂದುಕೊಳ್ಳುತ್ತಾರೆ.

ಮಂದೆ ಬರುವಾಗ "ಹೈಪ್‌ಟ್ರೋ ಹೋ" ಎಂದು ದೂರದಿಂದಲೇ ಕೂಗುತ್ತಿದ್ದರಂತೆ. ದಾರಿಬದಿಯ ರೈತರು ಕೂಗು ಕೇಳಿದೊಡನೆ ತಮ್ಮ ದನಗಳನ್ನು ಕೂಡಿಹಾಕಬೇಕು, ಇಲ್ಲದಿದ್ದರೆ ಅವೂ ಮಂದೆಯೊಳಗೆ ಸೇರಿ ಹೊರಟುಬಿಡುತ್ತವೆ.

ಅಂಚೆಪೆಟ್ಟಿಗೆ
ಬಾತುಕೋಳಿಗಳನ್ನೂ ಹೀಗೆ ನಡೆಸಿಕೊಂಡು ಹೋಗುತ್ತಿದ್ದರು ಎಂದು ಓದಿದ್ದೇನೆ. ಅವಕ್ಕೆ ಲಾಳ ಹೇಗೆ?

ಪಶುವೈದ್ಯ_ಕಾರ್ಮಾರ್ಥನ್
ಬಾತುಕೋಳಿಯಲ್ಲ, ಹೆಬ್ಬಾತು. ಮೊದಲು ಟಾರಿನಲ್ಲಿ, ಆಮೇಲೆ ಮರಳಿನಲ್ಲಿ ನಡೆಸುತ್ತಿದ್ದರು. ಅಂಗಾಲಿಗೆ ಗಟ್ಟಿ ಪದರ ಕೂರುತ್ತಿತ್ತು.

ನೇಗಿಲಯೋಗ
ಒಂದು ತಕರಾರು. ದನ ಸಾಗಿಸುವ ದಾರಿಯ ಊರುಗಳ ಕಥೆಯನ್ನು ವೇಲ್ಸ್‌ನ ಎಲ್ಲ ಕುಲುಮೆಗೂ ಅಂಟಿಸಬೇಡಿ. ಟ್ರೆಗಾರನ್‌ನಂಥ ಊರಿನಲ್ಲಿ ದನಗಳನ್ನು ಕಲೆಹಾಕಿ, ಲಾಳ ಹೊಡೆದು, ಅಬರ್‌ಗ್ವೆಸಿನ್ ಕಣಿವೆಯ ಮೇಲೆ ಹತ್ತಿಸುತ್ತಿದ್ದರು. ಅಲ್ಲಿನ ಕಮ್ಮಾರರಿಗೆ ಅದೇ ದೊಡ್ಡ ಕಸುಬು. ಸಾಧಾರಣ ಹಳ್ಳಿಯ ಕಮ್ಮಾರನಿಗೆ ಅನ್ನ ಕೊಟ್ಟದ್ದು ನೇಗಿಲು, ಗೇಟಿನ ತಿರುಗಣಿ, ಕುದುರೆ ಲಾಳ, ಗಾಡಿಯ ಚಕ್ರ. ಉಳುವ ಕಾಲ ಬಂತೆಂದರೆ ನೇಗಿಲಿನ ಗುಳ ತಟ್ಟಿಸಿಕೊಳ್ಳಲು ಸಾಲು. ಟಾಫ್_ದಂಡೆ ಅವರೇ, ಆ ಒಂದು ಸಾಲೆಯಲ್ಲಿ ದನಕ್ಕೆ ಲಾಳ ಹೊಡೆದಿದ್ದಾರೆ ಎಂದು ಇಲ್ಲಿ ಯಾರೂ ಸಾಬೀತು ಮಾಡಿಲ್ಲ.

ಬಯಲುಸೀಮೆ
ಒಪ್ಪಿದೆ. ನಾನು ಹೇಳಿದ್ದು ವೇಲ್ಸ್ ಬಗ್ಗೆ, ಆ ಒಂದು ಕಟ್ಟಡದ ಬಗ್ಗೆಯಲ್ಲ.

ತುಂಗಾತೀರ
ಅಪ್ಪನವರ ಮಾತು ಓದಿ ಕಣ್ಣು ತುಂಬಿತು. ನಮ್ಮ ಅಜ್ಜ ವರ್ಷಕ್ಕೊಮ್ಮೆ ಕಣದಲ್ಲೇ ಕಮ್ಮಾರರ ಪಾಲಿನ ಭತ್ತವನ್ನು ಅಳೆದು ಕೊಡುತ್ತಿದ್ದರು. ಆಯ ಎನ್ನುತ್ತಿದ್ದೆವು. ಈಗ ಕುಡುಗೋಲನ್ನು ಅಂಗಡಿಯಲ್ಲಿ ಕೊಳ್ಳುತ್ತೇವೆ. ಮೂರು ತಿಂಗಳಲ್ಲಿ ಅದು ಮೊಂಡಾಗುತ್ತದೆ.

ಮಂಜುಮಲೆ
ಈ ಹೆಸರನ್ನು ಹೇಗೆ ಉಚ್ಚರಿಸುವುದು? ಲ್ಲೌರ್ ಎಂದು ಶುರು ಮಾಡಲು ನನ್ನ ನಾಲಿಗೆ ಒಪ್ಪುತ್ತಿಲ್ಲ.

ಟಾಫ್_ದಂಡೆ
ನಾಲಿಗೆಯನ್ನು 'ಲ' ಹೇಳುವ ಜಾಗದಲ್ಲಿಟ್ಟು, ದನಿ ಹೊರಡಿಸದೆ ಎರಡೂ ಪಕ್ಕದಿಂದ ಉಸಿರು ಊದಬೇಕು. ನನ್ನ ಮಗಳಿಗೆ ಶಾಲೆಯಲ್ಲಿ ಹೀಗೆ ಕಲಿಸಿದರು. ಕನ್ನಡ ಲಿಪಿಯಲ್ಲಿ ಅದಕ್ಕೆ ಅಕ್ಷರವಿಲ್ಲದ್ದರಿಂದ 'ಲ್ಲ' ಎಂದು ಬರೆದೆ. ಅರ್ಥ 'ಕಣಿವೆಯ ನೆಲ'.

ಹಳಗನ್ನಡ_ಪ್ರಿಯ
ಭಾಷೆಯ ಮಾತು ಬಂದದ್ದರಿಂದ ಸ್ವಲ್ಪ ಸೇರಿಸುತ್ತೇನೆ. ವೆಲ್ಷ್‌ನಲ್ಲಿ ಕಮ್ಮಾರ ಎಂದರೆ 'ಗೋವ್', ಕಮ್ಮಾರಸಾಲೆ 'ಗೆವೈಲ್', ಇಕ್ಕಳ 'ಗೆವೆಲ್', ಒಲೆಗೆ ಗಾಳಿ ಊದುವ ತಿದಿ 'ಮೆಗಿನ್'. ಸಾಲೆಯ ಹೆಸರೂ ಇಕ್ಕಳದ ಹೆಸರೂ ಅಕ್ಕಪಕ್ಕದ ಮನೆಯವರಂತೆ ಕೇಳಿಸುತ್ತವೆ. ಈ ಪದಕ್ಕೆ ಮೊದಲು 'ಅ' ಅಥವಾ 'ಅರ್' ಎಂಬ, ಇಂಗ್ಲಿಷಿನ 'ದಿ'ಯಂಥ ಪದ ಬಂದಾಗ ಮೊದಲ ಗಕಾರ ಬಿದ್ದುಹೋಗಿ 'ಎವೈಲ್' ಆಗುತ್ತದೆ. ಕಾರ್ಡಿಫ್‌ನಿಂದ ಹೆಚ್ಚು ದೂರವಿಲ್ಲದ ಟೋನಿರೆವೈಲ್ ಮತ್ತು ಎವೈಲ್ ಇಸಾವ್ ಊರುಗಳ ಹೆಸರಿನಲ್ಲಿ ಕೂತಿರುವುದು ಇದೇ ಕುಲುಮೆ. ಎರಡನೆಯದರ ಅರ್ಥ 'ಕೆಳಗಿನ ಕುಲುಮೆ'. ಇಂಗ್ಲಿಷ್ ಉಪನಾಮ ಗಫ್ ಕೂಡ ಇದೇ ಕಮ್ಮಾರನಿಂದ ಬಂದದ್ದು.

ಪಶುವೈದ್ಯ_ಕಾರ್ಮಾರ್ಥನ್
ಕೊನೆಯ ಮಾತನ್ನು ತಿದ್ದಬೇಕು. ವೇಲ್ಸ್‌ನ ಗಫ್‌ಗಳ ಹೆಸರು ಹೆಚ್ಚಾಗಿ 'ಕೋಖ್', ಅಂದರೆ ಕೆಂಪು ಎಂಬ ಮಾತಿನಿಂದ ಬಂದದ್ದು. ಕೆಂಪುಗೂದಲಿನವರಿಗೆ ಇಟ್ಟ ಹೆಸರು. ಕಮ್ಮಾರನ ನೆನಪು ನೇರವಾಗಿ ಕಾಣುವುದು ಗೋಫ್ ಎಂಬ ಉಪನಾಮದಲ್ಲಿ.

ಹಳಗನ್ನಡ_ಪ್ರಿಯ
ಧನ್ಯವಾದ, ತಿದ್ದಿಕೊಂಡೆ. ಇನ್ನೊಂದು ವಿಷಯ ಇದಕ್ಕಿಂತ ದೊಡ್ಡದು. ಮಧ್ಯಯುಗದ ವೇಲ್ಸ್‌ನ ಕಾನೂನುಗಳನ್ನು ಹತ್ತನೆಯ ಶತಮಾನದ ದೊರೆ 'ಹಿವೆಲ್ ದ' ಎಂಬವನ ಹೆಸರಿನಲ್ಲಿ ಕರೆಯುತ್ತಾರೆ. ನಮಗೆ ಸಿಕ್ಕಿರುವ ಹಸ್ತಪ್ರತಿಗಳು ಅವನಿಗಿಂತ ಬಹಳ ಈಚಿನವು. ಅವುಗಳಲ್ಲಿ ಒಂದು ವಿಧಿ ಇದೆ: ಒಡೆಯನ ಅಪ್ಪಣೆಯಿಲ್ಲದೆ ಜೀತದವನ ಮಗ ಮೂರು ವಿದ್ಯೆ ಕಲಿಯುವಂತಿಲ್ಲ. ಪಾಂಡಿತ್ಯ, ಕಮ್ಮಾರಿಕೆ, ಕವಿತೆ.

ನೇಗಿಲಯೋಗ
ಅಂದರೆ ಅಲ್ಲೂ ಜಾತಿಪದ್ಧತಿ!

ಹಳಗನ್ನಡ_ಪ್ರಿಯ
ಆತುರಪಡಬೇಡಿ. ವಿಧಿಯ ಉಳಿದರ್ಧವನ್ನು ಕೇಳಿ. ಒಡೆಯ ಸಹಿಸಿಕೊಂಡು ಸುಮ್ಮನಿದ್ದು, ಪಂಡಿತನ ತಲೆಗೆ ಮುಂಡನವಾಗುವವರೆಗೆ, ಕಮ್ಮಾರ ತನ್ನದೇ ಕುಲುಮೆಯೊಳಗೆ ಕಾಲಿಡುವವರೆಗೆ, ಕವಿಗೆ ಪದವಿ ದೊರೆಯುವವರೆಗೆ ಬಿಟ್ಟರೆ, ಆಮೇಲೆ ಅವರನ್ನು ಯಾರೂ ಮತ್ತೆ ಜೀತಕ್ಕೆ ಎಳೆಯುವಂತಿಲ್ಲ. ಕುಲುಮೆಯ ಹೊಸ್ತಿಲು ದಾಟಿದ ಕ್ಷಣ ಅವನು ಸ್ವತಂತ್ರ. ನಮ್ಮಲ್ಲಿ ಕಸುಬು ಹುಟ್ಟಿನಿಂದ ಅಂಟುತ್ತಿತ್ತು, ಅಲ್ಲಿ ಅದೇ ಕಸುಬು ಹುಟ್ಟಿನ ಕಟ್ಟನ್ನು ಬಿಚ್ಚುತ್ತಿತ್ತು. ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ತಪ್ಪು.

ಅಡಿಗಲ್ಲು
ಇಷ್ಟು ಹೊತ್ತು ಓದುತ್ತಿದ್ದೆ, ಈಗ ಬರೆಯಲೇಬೇಕು. ನಾನು ಕಮ್ಮಾರರ ಮನೆಯ ಮಗ. ಬ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆ. ಓದಿ ಕುಲುಮೆಯಿಂದ ಹೊರಗೆ ಬಂದದ್ದೇ ಬಿಡುಗಡೆ ಎಂದು ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ, ನಾನೂ ಹಾಗೆಯೇ ನಂಬಿದ್ದೆ. ಪಾಂಡಿತ್ಯ ಮತ್ತು ಕವಿತೆಯ ನಡುವೆ ನಮ್ಮ ಅಪ್ಪನ ಕೆಲಸವನ್ನು ಕೂರಿಸಿದ ಒಂದು ನಾಡು ಇತ್ತು ಎಂಬುದು ಇವತ್ತು ಗೊತ್ತಾಯಿತು. ಆ ವಿಧಿಯನ್ನು ಬರೆದಿಟ್ಟುಕೊಂಡಿದ್ದೇನೆ. ರಾತ್ರಿ ಅಪ್ಪನಿಗೆ ಓದಿ ಹೇಳುತ್ತೇನೆ.

ಮಂಜುಮಲೆ
ನನಗೊಂದು ಚಿಕ್ಕ ಪ್ರಶ್ನೆ. ಚಿತ್ರಗಳಲ್ಲಿ ನೋಡಿದರೆ ಈ ಕಮ್ಮಾರಸಾಲೆಗಳ ಒಳಗೆ ಯಾಕಿಷ್ಟು ಕತ್ತಲೆ? ಕಿಟಕಿ ಇಡಲು ದುಡ್ಡಿರಲಿಲ್ಲವೇ?

ಲೋಹಶಾಸ್ತ್ರ_ಸುರತ್ಕಲ್
ದುಡ್ಡಿನ ಕೊರತೆಯಲ್ಲ, ಕೆಲಸದ ಅಗತ್ಯ. ಕಮ್ಮಾರನ ಕೈಯಲ್ಲಿ ಉಷ್ಣಮಾಪಕ ಇರಲಿಲ್ಲ, ಕಾದ ಕಬ್ಬಿಣದ ಬಣ್ಣವೇ ಅವನಿಗೆ ಅಳತೆ. ಮಂದ ಕೆಂಪು, ಕಿತ್ತಳೆ, ಹಳದಿ, ಕೊನೆಗೆ ಕಿಡಿ ಸಿಡಿಯುವ ಬಿಳಿ. ಎರಡು ತುಂಡು ಬೆಸೆಯಲು ಆ ಬಿಳಿಯ ಹತ್ತಿರ ಹೋಗಬೇಕು. ಬಿಸಿಲು ಒಳಗೆ ಬಿದ್ದರೆ ಕಿತ್ತಳೆಯೂ ಕೆಂಪಾಗಿ ಕಾಣುತ್ತದೆ. ಆಗ ಕಮ್ಮಾರ ಬೇಕಾದ್ದಕ್ಕಿಂತ ಹೆಚ್ಚು ಕಾಯಿಸಿ ಉಕ್ಕನ್ನು ಸುಟ್ಟುಬಿಡುತ್ತಾನೆ.

ಹದ ಕೊಡುವುದು ಇನ್ನೂ ಸೂಕ್ಷ್ಮ. ನೀರಿಗೆ ಅದ್ದಿದ ಉಕ್ಕು ಗಾಜಿನಂತೆ ಪೆಡಸು. ಉಜ್ಜಿ ಹೊಳಪು ಮಾಡಿ ಮತ್ತೆ ಮೆಲ್ಲಗೆ ಕಾಯಿಸಿದಾಗ ಅದರ ಮೇಲೆ ಹುಲ್ಲಿನ ಹಳದಿ, ಕಂದು, ನೇರಳೆ, ನೀಲಿ ಒಂದರ ಹಿಂದೆ ಒಂದು ಓಡುತ್ತವೆ. ಹುಲ್ಲಿನ ಹಳದಿ ಬರುವುದು ಸುಮಾರು 230 ಡಿಗ್ರಿಯಲ್ಲಿ, ನೀಲಿ ಸುಮಾರು 300ರಲ್ಲಿ. ಹರಿತದ ಉಪಕರಣವನ್ನು ಹಳದಿಯಲ್ಲಿ ನಿಲ್ಲಿಸಬೇಕು, ಬಾಗಬೇಕಾದ ಪಟ್ಟಿಯನ್ನು ನೀಲಿಯಲ್ಲಿ. ರೆಪ್ಪೆ ಬಡಿದರೆ ತಪ್ಪಿತು. ಈ ಬಣ್ಣಗಳನ್ನು ನಾನು ಪಾಠದಲ್ಲಿ ಕಲಿತೆ, ಪರೀಕ್ಷೆಯಲ್ಲಿ ಬರೆದೆ. ಕಣ್ಣಾರೆ ಮೊದಲು ತೋರಿಸಿದವರು ಶಾಲೆಗೇ ಹೋಗದಿದ್ದ ಒಬ್ಬ ಕಮ್ಮಾರರು.

ತುಂಗಾತೀರ
ತಿದಿ? ನಮ್ಮ ಕಡೆ ಎರಡು ಚರ್ಮದ ಚೀಲಗಳನ್ನು ಒಂದಾದ ಮೇಲೊಂದು ಒತ್ತುತ್ತಿದ್ದರು. ಅಲ್ಲಿ ಒಂದೇ ದೊಡ್ಡದಿರುತ್ತದಲ್ಲ, ಗಾಳಿ ನಡುನಡುವೆ ನಿಲ್ಲುವುದಿಲ್ಲವೇ?

ಲೋಹಶಾಸ್ತ್ರ_ಸುರತ್ಕಲ್
ಹೊರಗೆ ಒಂದೇ ಕಂಡರೂ ಒಳಗೆ ಎರಡು ಕೋಣೆ. ಕೆಳಗಿನದು ಗಾಳಿ ಎಳೆದು ಮೇಲಿನದಕ್ಕೆ ತುಂಬುತ್ತದೆ. ಮೇಲಿನದು ತನ್ನ ಭಾರಕ್ಕೆ ಕುಸಿಯುತ್ತಾ ಒಲೆಗೆ ಊದುತ್ತಲೇ ಇರುತ್ತದೆ. ಎರಡು ನಾಡು, ಎರಡು ಉಪಾಯ, ಫಲ ಒಂದೇ: ಕೆಂಡ ಆರಬಾರದು.

ಕಬ್ಬಿಣದಂಗಡಿ
ಎಲ್ಲರೂ ಗುಳ, ಲಾಳ ಎನ್ನುತ್ತಿದ್ದೀರಿ. ವೇಲ್ಸ್‌ನ ಕಮ್ಮಾರರ ನಿಜವಾದ ಹೆಮ್ಮೆ ಚರ್ಕ್ ಕೋಟೆಯ ಬಾಗಿಲು. ರೆಕ್ಸಮ್ ಹತ್ತಿರದ ಬರ್ಶಮ್‌ನ ಡೇವಿಸ್ ಸಹೋದರರು, ರಾಬರ್ಟ್ ಮತ್ತು ಜಾನ್, 1712ರಿಂದ 1719ರವರೆಗೆ ಮಾಡಿದ್ದು. ಕಬ್ಬಿಣದ ಎಲೆ, ಬಳ್ಳಿ, ಹೂವು, ಎಲ್ಲವೂ ಸುತ್ತಿಗೆಯಲ್ಲಿ ಅರಳಿದವು. ಅದು ಕಲೆ. ಹಳ್ಳಿಯ ಸಾಲೆಯಲ್ಲಿ ನಡೆದದ್ದು ದುರಸ್ತಿ ಕೆಲಸ.

ಅಡಿಗಲ್ಲು
ಈ ಮಾತನ್ನು ನಾನು ಒಪ್ಪುವುದಿಲ್ಲ. ಮುರಿದ ಗುಳಕ್ಕೆ ಹೊಸ ಮೂತಿ ಬೆಸೆದು, ಇಂಥ ರೈತನ ಇಂಥ ಹೊಲದ ಮಣ್ಣಿಗೆ ಎಷ್ಟು ಬಾಗಿರಬೇಕು ಎಂದು ನೆನಪಿಟ್ಟು ತಟ್ಟುವುದು ಕಲೆಯಲ್ಲವೇ? ಕೋಟೆಯ ಬಾಗಿಲು ನೋಡಲು ಜನ ಬರುತ್ತಾರೆ. ಗುಳ ಮಣ್ಣಿನೊಳಗೆ ಸವೆದುಹೋಯಿತು. ಕಾಣದೆ ಹೋದದ್ದನ್ನು ಕೀಳು ಮಾಡಬೇಡಿ.

ಕಬ್ಬಿಣದಂಗಡಿ
ಕೀಳು ಮಾಡುವ ಉದ್ದೇಶ ನನ್ನದಲ್ಲ. ನಾಜೂಕಿನ ಮಟ್ಟ ಬೇರೆ ಎಂದೆ.

ನೇಗಿಲಯೋಗ
ಮಟ್ಟ ಬೇರೆಯಲ್ಲ, ಗಿರಾಕಿ ಬೇರೆ.

ಬಯಲುಸೀಮೆ
ಗಾಡಿ ಚಕ್ರಕ್ಕೆ ಪಟ್ಟಿ ಹಾಕುವುದನ್ನು ನೋಡಿದವರು ಇಲ್ಲಿ ಯಾರಾದರೂ ಇದ್ದೀರಾ? ಚಿಕ್ಕಂದಿನಲ್ಲಿ ನಾನು ಒಮ್ಮೆ ನೋಡಿದ್ದೇನೆ. ಚಕ್ರಕ್ಕಿಂತ ತುಸು ಚಿಕ್ಕದಾಗಿ ಮಾಡಿದ ಕಬ್ಬಿಣದ ಬಳೆಯನ್ನು ಬೆರಣಿಯ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ನಾಲ್ಕು ಜನ ಇಕ್ಕಳದಲ್ಲಿ ಹಿಡಿದು ತಂದು ಕೂರಿಸಿದರು. ಮರ ಹೊತ್ತಿಕೊಂಡಿತು, ಕೊಡಗಟ್ಟಲೆ ನೀರು ಸುರಿದರು. ಹಬೆಯೊಳಗೆ ಮರದ ಕೀಲುಗಳು ಒಂದೊಂದೇ ಲಟಲಟ ಎಂದು ಬಿಗಿಯುವ ಸದ್ದು ಈಗಲೂ ಕಿವಿಯಲ್ಲಿದೆ. ವೇಲ್ಸ್‌ನಲ್ಲೂ ಹೀಗೆಯೇ, ಬಡಗಿ ಮತ್ತು ಕಮ್ಮಾರ ಜೊತೆಗೂಡಿ ಮಾಡುತ್ತಿದ್ದರು.

ತುಂಗಾತೀರ
ನಾನೂ ನೋಡಿದ್ದೇನೆ! ಮಕ್ಕಳನ್ನು ಹತ್ತಿರ ಬಿಡುತ್ತಿರಲಿಲ್ಲ. "ಕಬ್ಬಿಣ ಕಾಯಿಸುವಲ್ಲಿ ನೊಣಕ್ಕೇನು ಕೆಲಸ" ಎಂದು ಗದರಿಸಿ ಓಡಿಸುತ್ತಿದ್ದರು.

ಅಂಚೆಪೆಟ್ಟಿಗೆ
ಎರಡನೆಯ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ. ಊರಿನಿಂದ ಕಿತ್ತು ತಂದ ಕುಲುಮೆ ಕುಲುಮೆಯೇ? ನನ್ನ ಅಭಿಪ್ರಾಯದಲ್ಲಿ ಅಲ್ಲ. ಲ್ಲೌರ್-ಅ-ಗ್ಲಿನ್‌ನಿಂದ ಕಾರ್ಡಿಫ್‌ಗೆ ನೂರು ಕಿಲೋಮೀಟರಿಗೂ ಹೆಚ್ಚು. ಆ ಬೆಟ್ಟ, ಆ ಮಳೆ, ಗುಳ ಹಿಡಿದು ಬರುವ ಆ ರೈತ, ಯಾವುದೂ ಜೊತೆಗೆ ಬರಲಿಲ್ಲ. ಇದ್ದಲ್ಲೇ ಉಳಿಸಬೇಕಿತ್ತು.

ಪಶುವೈದ್ಯ_ಕಾರ್ಮಾರ್ಥನ್
ಇದ್ದಲ್ಲೇ ಉಳಿಸಲು ಯಾರು ಇದ್ದರು? ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1946ರಿಂದ, ಫರ್ಗುಸನ್ ಕಂಪನಿಯ ಬೂದುಬಣ್ಣದ ಚಿಕ್ಕ ಟ್ರ್ಯಾಕ್ಟರ್ ಮಾರುಕಟ್ಟೆಗೆ ಬಂತು. ಬೆಟ್ಟದ ಸಣ್ಣ ಜಮೀನುಗಳಿಗೂ ಅದು ಹೊಂದಿತು. ಕುದುರೆ ಹೋಯಿತು, ಕುದುರೆಯ ಹಿಂದೆ ಲಾಳ ಹೋಯಿತು, ನೇಗಿಲಿನ ಬಿಡಿಭಾಗ ಕಾರ್ಖಾನೆಯಿಂದ ಬಂತು. ನನ್ನ ಸುತ್ತಮುತ್ತ 'ಅರ್ ಎವೈಲ್', ಅಂದರೆ ಕುಲುಮೆ, ಎಂಬ ಫಲಕ ಹೊತ್ತ ಮನೆಗಳಿವೆ. ಒಳಗೆ ಸೋಫಾ, ಟೀವಿ. ಗೋಡೆ ಅಲ್ಲೇ ಇದೆ, ಕುಲುಮೆ ಇಲ್ಲ. ಸೇಂಟ್ ಫೇಗನ್ಸ್‌ನಲ್ಲಿ ಕನಿಷ್ಠ ಸುತ್ತಿಗೆಯ ಸದ್ದು ಕೇಳುತ್ತದೆ.

ಹಳಗನ್ನಡ_ಪ್ರಿಯ
ಆ ಸಂಗ್ರಹಾಲಯವನ್ನು ಕಟ್ಟಿದ ಯೋರ್ವರ್ಥ್ ಪೇಟ್ ಯಾರ ಮಗ ಎಂಬುದು ಇಲ್ಲಿ ಮುಖ್ಯ. ಅದೇ ಮಾಂಟ್ಗೊಮರಿಶೈರ್‌ನ ಲ್ಲಾನ್‌ಬ್ರಿನ್‌ಮೈರ್ ಎಂಬ ಹಳ್ಳಿಯ ಬಡಗಿಯ ಮಗ. 1901ರಲ್ಲಿ ಹುಟ್ಟಿದವರು, ವೆಲ್ಷ್ ಭಾಷೆಯ ಕವಿ. ಸ್ವೀಡನ್ನಿನ ಸ್ಕಾನ್ಸೆನ್‌ನಂಥ ಬಯಲು ಸಂಗ್ರಹಾಲಯಗಳ ಮಾದರಿ ಕಣ್ಣಮುಂದಿತ್ತು. 1948ರಲ್ಲಿ ಸೇಂಟ್ ಫೇಗನ್ಸ್ ತೆರೆಯಿತು. ರಾಜರ ಕಿರೀಟ ಇಡುವ ಜಾಗದಲ್ಲಿ ಬಡಗಿಯ ಉಳಿ, ಕಮ್ಮಾರನ ಇಕ್ಕಳ ಇಡಬೇಕು ಎಂದು ಹೊರಟವರನ್ನು 'ಊರು ಕಿತ್ತವರು' ಎನ್ನುವುದು ಅನ್ಯಾಯ.

ಅಂಚೆಪೆಟ್ಟಿಗೆ
ನಾನು ಯಾರನ್ನೂ ಹಾಗೆ ಕರೆದಿಲ್ಲ. ಅವರ ಕಳಕಳಿಯ ಮೇಲೆ ನನಗೆ ಗೌರವವಿದೆ. ಆದರೆ ಲ್ಲಾನ್‌ಬೆರಿಸ್‌ನ ಸ್ಲೇಟು ಸಂಗ್ರಹಾಲಯ ನೋಡಿ. ಡಿನೋರ್ವಿಗ್ ಕಲ್ಲುಗಣಿ 1969ರಲ್ಲಿ ಮುಚ್ಚಿತು, ಅದರ ಕಾರ್ಯಾಗಾರವನ್ನು ಇದ್ದಲ್ಲೇ ಉಳಿಸಿ 1972ರಲ್ಲಿ ಸಂಗ್ರಹಾಲಯ ಮಾಡಿದರು. ಕಮ್ಮಾರರ ಒಲೆಗಳು, ಯಂತ್ರಗಳಿಗೆ ಶಕ್ತಿ ಕೊಟ್ಟ ಐವತ್ತು ಅಡಿ ವ್ಯಾಸದ ನೀರಿನ ಚಕ್ರ, ಎಲ್ಲ ಅಲ್ಲೇ. ಕಿಟಕಿಯಿಂದ ನೋಡಿದರೆ ಅದೇ ಗಣಿ. ನಾನು ಹೇಳಿದ್ದು ಇದನ್ನು.

ನೇಗಿಲಯೋಗ
ಸಾವಿರಾರು ಜನ ದುಡಿದ ಗಣಿಯನ್ನೂ ಒಬ್ಬ ಕಮ್ಮಾರನ ಸಾಲೆಯನ್ನೂ ಹೋಲಿಸುವುದು ಸರಿಯಲ್ಲ. ದೊಡ್ಡದನ್ನು ಉಳಿಸಲು ಸರಕಾರ ಬರುತ್ತದೆ, ಸಣ್ಣದಕ್ಕೆ ಯಾರು ಬರುತ್ತಾರೆ? ಮಣಿಪಾಲದ 'ಹಸ್ತಶಿಲ್ಪ' ಪಾರಂಪರಿಕ ಗ್ರಾಮದಲ್ಲಿ ವಿಜಯನಾಥ ಶೆಣೈ ಅವರು ಮುಧೋಳದ ದರ್ಬಾರ್ ಸಭಾಂಗಣವನ್ನೂ ಕುಕನೂರಿನ ಕಮಲ ಮಹಲನ್ನೂ ಬಿಚ್ಚಿ ತಂದು ಕಟ್ಟದಿದ್ದರೆ ಇವತ್ತು ನಾವು ಏನನ್ನು ನೋಡುತ್ತಿದ್ದೆವು?

ಮಂಜುಮಲೆ
ಒಂದು ಸಂಶಯ. ಇವತ್ತು ವೇಲ್ಸ್‌ನಲ್ಲಿ ಕುದುರೆ ಸಾಕುವವರು ಲಾಳಕ್ಕೆ ಎಲ್ಲಿ ಹೋಗುತ್ತಾರೆ? ಇಂಥ ಕಮ್ಮಾರರ ಹತ್ತಿರವೇ?

ಪಶುವೈದ್ಯ_ಕಾರ್ಮಾರ್ಥನ್
ಇಲ್ಲ. 1975ರ ಕಾಯಿದೆಯ ಪ್ರಕಾರ ನೋಂದಾಯಿತ ಲಾಳಗಾರರು ಮಾತ್ರ ಕುದುರೆಗೆ ಲಾಳ ಹೊಡೆಯಬಹುದು. ಅದಕ್ಕೆ ವರ್ಷಗಟ್ಟಲೆ ತರಬೇತಿ, ಪರೀಕ್ಷೆ. ಗಾಡಿಯ ಹಿಂದೆ ಅನಿಲದ ಒಲೆ ಇಟ್ಟುಕೊಂಡು ಅವರೇ ಕುದುರೆಯ ಮನೆಗೆ ಬರುತ್ತಾರೆ. ಕಮ್ಮಾರ ಬೇರೆ, ಲಾಳಗಾರ ಬೇರೆ. ಹಿಂದೆ ಹಳ್ಳಿಯಲ್ಲಿ ಎರಡೂ ಒಬ್ಬನೇ ಆಗಿದ್ದ.

ಟಾಫ್_ದಂಡೆ
ಎಲ್ಲರ ಉತ್ತರಗಳನ್ನೂ ಅಪ್ಪನಿಗೆ ಓದಿ ಹೇಳಿದೆ. ಎಂಟು ಲಾಳದ ಮಾತು ಕೇಳಿ ತೊಡೆ ತಟ್ಟಿದರು. ಜೀತ ಬಿಡಿಸುವ ಕುಲುಮೆಯ ವಿಧಿಯನ್ನು ಮೂರು ಸಲ ಓದಿಸಿಕೊಂಡರು. ಅಡಿಗಲ್ಲು ಅವರೇ, ನಿಮ್ಮ ಬರಹಕ್ಕೆ ಏನೂ ಹೇಳಲಿಲ್ಲ, ಎದ್ದು ಹೋಗಿ ಹಿತ್ತಲಲ್ಲಿ ನಿಂತರು.

ನಿನ್ನೆ ಮತ್ತೆ ಅಲ್ಲಿಗೆ ಹೋಗಿದ್ದೆವು. ಒಲೆ ಉರಿಯುತ್ತಿತ್ತು. ಅಪ್ಪನಿಗೆ ಇಂಗ್ಲಿಷ್ ಬಾರದು, ಕೆಲಸದಲ್ಲಿದ್ದ ಕಮ್ಮಾರರಿಗೆ ಕನ್ನಡ ಬಾರದು. ಅವರು ಕಬ್ಬಿಣವನ್ನು ಒಲೆಯಿಂದ ತೆಗೆಯುವ ಮುಂಚೆಯೇ ಅಪ್ಪ "ಆಯಿತು, ತೆಗೆ" ಎಂದರು. ಅದೇ ಕ್ಷಣಕ್ಕೆ ಅವರು ತೆಗೆದರು. ಎರಡನೆಯ ಸಲವೂ ಹಾಗೆಯೇ ಆಯಿತು. ಆಮೇಲೆ ಅವರು ಅಪ್ಪನ ಅಂಗೈ ನೋಡಿದರು, ತಮ್ಮದನ್ನು ತೋರಿಸಿದರು.

ಅಪ್ಪನಿಗೆ ಈಗ ಒಂದೇ ಯೋಚನೆ. ಊರಿನಲ್ಲಿ ಅಟ್ಟದ ಮೇಲಿರುವ ಹಳೆಯ ತಿದಿಯನ್ನು ಸರಿಮಾಡಿ, ಎರಡು ಕೋಣೆಯ ತಿದಿಯನ್ನೂ ಒಂದು ಮಾಡಿ ನೋಡಬೇಕಂತೆ. ಶನಿವಾರ ಅಳತೆಪಟ್ಟಿ ಹಿಡಿದು ಹೋಗುತ್ತಿದ್ದೇವೆ. ಏನೇನು ಅಳೆದುಕೊಳ್ಳಬೇಕು?

ಲೋಹಶಾಸ್ತ್ರ_ಸುರತ್ಕಲ್
ಉದ್ದ, ಅಗಲ, ಪೂರ್ತಿ ತೆರೆದಾಗಿನ ಎತ್ತರ. ನಳಿಕೆಯ ಬಾಯಿಯ ವ್ಯಾಸವನ್ನು ಮರೆಯಬೇಡಿ. ಅನುಮತಿ ಕೇಳಿ ನಡುಹಲಗೆಯ ಕವಾಟದ ಚಿತ್ರವನ್ನೂ ತೆಗೆದುಕೊಳ್ಳಿ.

ಅಡಿಗಲ್ಲು
ಚರ್ಮ ನಾನು ಕೊಡಿಸುತ್ತೇನೆ. ಅಪ್ಪನವರು ಊರಿಗೆ ಬಂದ ದಿನ ತಿಳಿಸಿ, ನಮ್ಮ ಅಪ್ಪನನ್ನೂ ಕರೆದುಕೊಂಡು ಬರುತ್ತೇನೆ.